ಹದಿನಾಲ್ಕನೇ ಮಹಡಿಯ ಯಜಮಾನರು

ನಮ್ಮ ಭಾವನವರಿಗೆ ಮುಂಬಯಿಯಲ್ಲಿ, ಸಮುದ್ರಕ್ಕೆ ಮುಖ ಮಾಡಿ, ಹದಿನಾಲ್ಕನೇ ಮಹಡಿಯ ಮೇಲೆ ಒಂದು ಮನೆ ಇತ್ತು. ಆ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಕಾಫಿ, ಸಂಜೆ ಆರಕ್ಕೆ ಬಿಸಿ ಬಿಸಿ ತಿಂಡಿ, ನಡುವೆ ಯಾವಾಗ ಹೋದರೂ ಬಿಸ್ಕತ್ತು! ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಾಗಿ ನಿಲ್ಲುವ ಆಳುಗಳು! ಒಂದೇ ಒಂದು ತೊಡಕೆಂದರೆ, ಆ ಮನೆ ಅವರದಾಗಿರಲಿಲ್ಲ. ಅದು ಒಂದು ದೊಡ್ಡ ಹೋಟೆಲಿನ ಲೌಂಜು. ಈ ವಿಷಯ ಹೋಟೆಲಿನವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಕುಂದಾಪುರದ ಹತ್ತಿರ ಭಾವನ ಊರಾದ ಕೋಡಿಯ ಅರ್ಧ ಜನಕ್ಕೆ ಗೊತ್ತಿತ್ತು. ಭಾವನವರಿಗೆ ಮಾತ್ರ ಯಾರೂ ಹೇಳಿರಲಿಲ್ಲ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ; ಅವರು ನನ್ನನ್ನು ಕರೆಯುವುದೂ ಭಾವ ಎಂದೇ. ಕೋಡಿಯಲ್ಲಿ ದೋಣಿಯವರಿಂದ ಸಿಗಡಿ ಕೊಂಡು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಗೆ ಅವರು ಏಜೆಂಟರು. ತಿಂಗಳಿಗೊಮ್ಮೆ ಮುಂಬಯಿಗೆ ಹೋಗಿ, ಜಪಾನಿನಿಂದ ಬಂದ ಗಿರಾಕಿಗಳ ಮುಂದೆ ನಿಂತು, ಇದು ಒಳ್ಳೆಯ ಮಾಲು ಎಂದು ತಲೆಯಾಡಿಸಿ ಬರುವುದು ಅವರ ಕೆಲಸಗಳಲ್ಲೊಂದು. ಜಪಾನಿನವರು ಇಳಿಯುವ ಹೋಟೆಲಿನಲ್ಲೇ ಕಂಪನಿ ಇವರಿಗೂ ಒಂದು ಕೋಣೆ ಹಿಡಿಯುತ್ತಿತ್ತು. ಮೊದಲ ಸಲ ಹೋದಾಗಲೇ ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರಂತೆ. ಫಾರಂ ಕೊಟ್ಟರೆ ತುಂಬದೆ ಬಿಡುವ ಆಸಾಮಿಯೇ ಇವರು? ಒಮ್ಮೆ ಕುಂದಾಪುರದ ಪೋಸ್ಟಾಫೀಸಿನಲ್ಲಿ ಯಾರೋ ಅರ್ಧ ತುಂಬಿ ಬಿಟ್ಟುಹೋದ ಮನಿಯಾರ್ಡರ್ ಫಾರಂ ಕಂಡು, ಪಾಪ ಎಂದು ಉಳಿದರ್ಧ ತಾವೇ ತುಂಬಿ ಇಟ್ಟುಬಂದವರು!

ಹಾಗೆ ತುಂಬಿದ ಫಾರಂ ಒಂದು ಕಾರ್ಡಾಯಿತು. ಮಲಗಿದ ಪ್ರತಿ ರಾತ್ರಿಗೂ ಪಾಯಿಂಟು ಬಿತ್ತು; ಪಾಯಿಂಟು ಕೂಡಿದರೆ ಕೋಣೆ ಬಿಟ್ಟಿ. ನೀಲಿ ಕಾರ್ಡು ಬೆಳ್ಳಿಯಾಯಿತು, ಬೆಳ್ಳಿ ಬಂಗಾರವಾಯಿತು. ಬಂಗಾರದ ಕಾರ್ಡಿದ್ದವರಿಗೆ ಹದಿನಾಲ್ಕನೇ ಮಹಡಿಯ ಲೌಂಜಿನ ಬಾಗಿಲು ತೆರೆಯುತ್ತದೆ. ತಿನ್ನುವುದು, ಕುಡಿಯುವುದು, ಪೇಪರು ಓದುವುದು ಎಲ್ಲ ಬಿಟ್ಟಿ. ಅಲ್ಲಿಂದ ಮುಂದೆ ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿನ ಬ್ಯಾಂಕಿನಲ್ಲಿ ಗುರುತಿನ ಚೀಟಿ ಕೇಳಿದರೆ ಆ ಕಾರ್ಡನ್ನೇ ತೆಗೆದು ಇಟ್ಟರು. ಗುಮಾಸ್ತ ತಿರುಗಿಸಿ ಮುರುಗಿಸಿ ನೋಡಿ, "ಇದ್ ಯಾವ ಇಲಾಖೆದ್ ಮಾರಾಯ್ರೆ?" ಎಂದು ಕೇಳಿದನಂತೆ. ಭಾವ ಗಂಭೀರವಾಗಿ, "ಮಲಗುವ ಇಲಾಖೆ" ಎಂದರಂತೆ!

ಈ ಬಂಗಾರ ಒಮ್ಮೆ ಬಂದರೆ ಖಾಯಂ ಅಲ್ಲ, ವರ್ಷಕ್ಕೆ ಇಂತಿಷ್ಟು ರಾತ್ರಿ ಮಲಗಿ ಉಳಿಸಿಕೊಳ್ಳಬೇಕು. ಒಂದು ವರ್ಷ ಡಿಸೆಂಬರ್ ಕೊನೆಗೆ ಮೂರು ರಾತ್ರಿ ಕಡಿಮೆ ಬಿತ್ತು. ಭಾವ ಯಾವ ಕೆಲಸವೂ ಇಲ್ಲದೆ, ಕೈಯಿಂದ ದುಡ್ಡು ಹಾಕಿ, ರೈಲು ಹತ್ತಿ ಮುಂಬಯಿಗೆ ಹೋಗಿ ಮೂರು ರಾತ್ರಿ ಮಲಗಿ ಎದ್ದು ಬಂದರು! ಗಂಡ ಮಲಗಲಿಕ್ಕೆ ಮುಂಬಯಿಗೆ ಹೋಗಿದ್ದಾರೆ ಎಂದು ಯಾವ ಹೆಂಡತಿ ತಾನೇ ಬಾಯಿಬಿಟ್ಟು ಹೇಳಿಯಾಳು? ನಮ್ಮ ಅತ್ತಿಗೆ ಕೇಳಿದವರಿಗೆಲ್ಲ, ಡಾಕ್ಟರಿಗೆ ತೋರಿಸಲಿಕ್ಕೆ ಹೋಗಿದ್ದಾರೆ ಎಂದುಬಿಟ್ಟರು. ಭಾವ ಮರಳಿ ಬರುವಷ್ಟರಲ್ಲಿ ಜಗಲಿಯ ತುಂಬ ಜನ, ಎಳನೀರಿನ ಬೊಂಡ, ಬ್ರೆಡ್ಡು, ಮೂಸಂಬಿ. ಲೌಂಜಿನ ಬೆಣ್ಣೆ ತಿಂದು ಮಿರಮಿರ ಹೊಳೆಯುತ್ತಿದ್ದ ಅವರನ್ನು ನೋಡಿ ಪಕ್ಕದ ಮನೆಯ ಅಜ್ಜಿ ಹೇಳಿದರು: "ಎಂತಾ ಡಾಕ್ಟರ್ ಮಾರಾಯ್ರೆ! ಮೂರೇ ದಿನಕ್ಕೆ ಮುಖಕ್ಕೆ ರಕ್ತ ಬಂತಲೆ! ನಂಗೂ ಆ ವಿಳಾಸ ಕೊಡಿ."

ಇದನ್ನೆಲ್ಲ ಕೇಳಿ ನಗುತ್ತಿದ್ದವನು ನಾನು. ಒಮ್ಮೆ ನನ್ನ ಅಂಗಡಿಯ ಮಾಲಿನ ಕೆಲಸಕ್ಕೆಂದು ಅವರ ಜೊತೆ ಮುಂಬಯಿಗೆ ಹೋದಾಗ ನಗು ನಿಂತಿತು. ನನ್ನದು ಹುಟ್ಟಾ ಪುಕ್ಕಲು ಎದೆ. ಬಸ್ಸಿನಲ್ಲಿ ಟಿಕೇಟು ಕೈಯಲ್ಲೇ ಇದ್ದರೂ ಚೆಕಿಂಗಿನವರು ಹತ್ತಿದರೆ ಬೆವರುವವನು. ಇನ್ನು ಆ ಲೌಂಜು ಹೇಗಿರಬೇಡ! ಕಾಲಿಟ್ಟರೆ ಹೂತುಹೋಗುವ ನೆಲಹಾಸು, ಯಾರೂ ಜೋರಾಗಿ ಮಾತಾಡದ ಜಾಗ. ಕಾರ್ಡಿನವರ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ, ಆ ಒಬ್ಬ ನಾನು. ಒಂದು ಮೂಲೆಯಲ್ಲಿ ಮುದುಡಿ ಕೂತೆ. ಭಾವ ಕೂರಲಿಲ್ಲ!

ನಮ್ಮ ಕಡೆ ಮದುವೆ ಮುಂಜಿಯ ಊಟದಲ್ಲಿ ಮನೆಯ ಯಜಮಾನ ಪಂಕ್ತಿಯ ನಡುವೆ ಒಂದು ಸುತ್ತು ಹೋಗಿ, ಕೈಮುಗಿದು, ಎಲ್ಲರಿಗೂ ನಿಧಾನಕ್ಕೆ ಊಟ ಮಾಡಿ ಎಂದು ಹೇಳಬೇಕು. ಹೇಳದಿದ್ದರೆ ಊಟ ಎಷ್ಟೇ ರುಚಿಯಾಗಿದ್ದರೂ ಜನ ಆಡಿಕೊಳ್ಳುತ್ತಾರೆ. ಭಾವ ಆ ಲೌಂಜಿನಲ್ಲಿ ಅದನ್ನೇ ಶುರುಮಾಡಿದರು! ಕೈಮುಗಿದುಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತ, "ಆರಾಮ್ ಸೆ, ಆರಾಮ್ ಸೆ, ಔರ್ ಲೇಲೋ" ಎನ್ನುತ್ತಿದ್ದರು. ಒಬ್ಬ ಬಿಳಿಯ ಮುದುಕ ಗಾಬರಿಯಾಗಿ ಎದ್ದು ನಿಂತು ತಾನೂ ಕೈಮುಗಿದ. ಅವನ ಹೆಂಡತಿ ಹೆದರಿ ಇನ್ನೊಂದು ಸಮೋಸ ಹಾಕಿಕೊಂಡಳು!

"ಭಾವ, ಕೂಕಣಿ. ಪೊಲೀಸ್ರಿಗೆ ಹಿಡ್ದ್ ಕೊಡ್ತ್ರ್" ಎಂದೆ ನಾನು, ಮೂಲೆಯಿಂದಲೇ.

"ಎಂತಕ್ಕೆ? ಕಾರ್ಡ್ ಯಾರದ್? ನಮ್ ಮನಿಗ್ ಬಂದವ್ರಿಗೆ ಒಂದ್ ಮಾತ್ ಹೇಳ್ದಿದ್ರೆ ಹ್ಯಾಂಗೆ ಭಾವ?"

ಲೌಂಜಿನ ಕೌಂಟರಿನಲ್ಲಿದ್ದ ಹುಡುಗಿಗೆ ಮಾತ್ರ ಇವರೆಂದರೆ ಪ್ರೀತಿ. ಅಂಕಲ್ ಅಂಕಲ್ ಎಂದು ಕರೆದು, ಊರಿನ ಗೇರುಬೀಜ ತಂದಿದ್ದೀರಾ ಎಂದು ಕೇಳುತ್ತಿದ್ದಳು. ಬರಿಗೈಯಲ್ಲಿ ಹೋಗಿ ಗೊತ್ತಿದ್ದರಲ್ಲವೇ ಭಾವನಿಗೆ!

ಇನ್ನು ಮೇಲೆ ನಾನು ನಿಮ್ಮನ್ನು ನಗಿಸುವುದು ಕಷ್ಟ. ಆದರೂ ನೋಡೋಣ.

ನನ್ನದು ಹಾಲಾಡಿಯಲ್ಲಿ ಒಣಮೀನಿನ ಅಂಗಡಿ. ಒಬ್ಬಳೇ ಮಗಳು. ಅವಳು ಕುಂದಾಪುರದ ಕಾಲೇಜಿಗೆ ಹೋದ ಐದು ವರ್ಷವೂ ಇದ್ದದ್ದು ಕೋಡಿಯಲ್ಲಿ, ಮಕ್ಕಳಿಲ್ಲದ ಈ ಭಾವನ ಮನೆಯಲ್ಲಿ. ಅವಳ ಫೀಸಿನ ಫಾರಂ, ಪರೀಕ್ಷೆಯ ಫಾರಂ ಎಲ್ಲ ತುಂಬಿದವರು ಯಾರು ಎಂದು ಹೇಳಬೇಕಾಗಿಲ್ಲ. ಅವಳಿಗೆ ಮುಂಬಯಿಯ ಒಂದು ಸಂಬಂಧ ಬಂತು. ಮೂಲ ಬೈಂದೂರು ಕಡೆಯವರು, ನಮ್ಮ ಜನವೇ. ಹುಡುಗನ ಅಪ್ಪ ಅಲ್ಲಿ ಎರಡು ಊಟದ ಹೋಟೆಲು ಇಟ್ಟು ಮೇಲೆ ಬಂದವರು. ಹೋಟೆಲು ಬಿಟ್ಟು ಊರಿಗೆ ಬರಲು ಆಗುವುದಿಲ್ಲ, ನೀವೇ ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದರು.

ಇಲ್ಲಿ ಬಂತು ತೊಡಕು. ಹೆಣ್ಣು ನೋಡುವುದು ಹೆಣ್ಣಿನ ಮನೆಯಲ್ಲಿ. ಹುಡುಗಿಯನ್ನೇ ಗಂಡಿನ ಮನೆಗೆ ಕರೆದೊಯ್ದು ತೋರಿಸಿದರೆ ನಾಳೆ ಊರಲ್ಲಿ ತಲೆ ಎತ್ತುವುದುಂಟೆ? ಮುಂಬಯಿಯಲ್ಲಿ ನಮಗೆ ಮನೆ ಎಲ್ಲಿಂದ ಬರಬೇಕು?

"ಮನಿ ಇಲ್ಲೆ ಅಂದ್ರ್ ಯಾರ್?" ಎಂದರು ಭಾವ. "ಲೌಂಜ್ ಇತ್ತಲೆ!"

ಆದರೆ ಯಾವ ಲೌಂಜು? ಆ ಹೋಟೆಲಿನ ಒಡೆಯರದೇ ಹೋಟೆಲುಗಳು ಮುಂಬಯಿಯಲ್ಲಿ ಎರಡಿದ್ದವು. ಒಂದರಲ್ಲಿ ಕಿಟಕಿಯ ತುಂಬ ಸಮುದ್ರ, ಆದರೆ ಸಂಜೆಗೆ ಬಿಸಿ ಪದಾರ್ಥ ಎರಡೇ. ಇನ್ನೊಂದು ವಿಮಾನ ನಿಲ್ದಾಣದ ಹತ್ತಿರ. ಬಿಸಿ ಪದಾರ್ಥ ನಾಲ್ಕು, ಆದರೆ ಕಿಟಕಿಯಲ್ಲಿ ಕಾಣುವುದು ಫ್ಲೈಓವರು. ಭಾವ ಒಂದು ತಿಂಗಳು ನಿದ್ದೆಗೆಟ್ಟರು. ಎರಡೂ ಕಡೆ ಫೋನು ಮಾಡಿ ಬೋಂಡದ ಗಾತ್ರ ಕೇಳಿದರು. ಕ್ಷೌರದಂಗಡಿಯಲ್ಲಿ, ಬಂದರಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅಭಿಪ್ರಾಯ ಕೇಳಿದರು. "ಹೊಟ್ಟಿಗ್ ಹೋಪುದ್ ದೊಡ್ಡದಾ, ಕಣ್ಣಿಗ್ ಕಾಂಬುದ್ ದೊಡ್ಡದಾ, ನೀವೇ ಹೇಳಿ!" ಕೊನೆಗೆ ಒಬ್ಬ ಮುದುಕ ದೋಣಿಯವನು, ಕಡಲು ಕಂಡು ಕಂಡು ಬೇಸತ್ತವನು, "ಕಡ್ಲ್ ಎಂತ ಕಾಂಬುದ್ ಮಾರಾಯ್ರೆ, ಫ್ಲೈಓವರೇ ಆಯ್ಲಿ" ಎಂದ. ಭಾವ ಕೂಡಲೇ ಸಮುದ್ರದ ಹೋಟೆಲನ್ನೇ ಹಿಡಿದರು! ಕೌಂಟರಿನ ಹುಡುಗಿ ಇದ್ದದ್ದು ಅಲ್ಲಿಯಲ್ಲವೇ? ಒಬ್ಬರ ಬದಲು ಆರು ಜನ ಅತಿಥಿಗಳನ್ನು ಬಿಡಬೇಕಾದರೆ ಅವಳೇ ಬೇಕು. ಎರಡು ಕೋಣೆ, ಎರಡು ದಿನ; ವರ್ಷಗಟ್ಟಲೆ ಕೂಡಿಟ್ಟ ಪಾಯಿಂಟೆಲ್ಲ ಅದಕ್ಕೆ ಮುಗಿಯಿತು. ಆ ಪಾಯಿಂಟಿನಲ್ಲಿ ಅತ್ತಿಗೆಯನ್ನು ಡೆಲ್ಲಿಗೆ ಕರೆದೊಯ್ಯುತ್ತೇನೆಂದು ಹೇಳುತ್ತಿದ್ದರು.

ನನಗೋ ಬೇರೆಯೇ ಚಿಂತೆ. ಹುಡುಗನ ಕಡೆಯವರಿಗೆ ನಾನು "ಹಾಲಾಡಿಯಲ್ಲಿ ವ್ಯಾಪಾರ" ಎಂದಷ್ಟೇ ಹೇಳಿದ್ದೆ. ಯಾವ ವ್ಯಾಪಾರ ಎಂದು ಹೇಳಿರಲಿಲ್ಲ. ನೆಲಹಾಸಿನ ಮೇಲೆ ಕಾಲು ಚಾಚುವವರಿಗೆ ಒಣಮೀನಿನ ಮಾತು ಎತ್ತಲು ನಾಚಿಕೆ. ಭಾವ ಎಲ್ಲಿ ಬಾಯಿ ಬಿಡುತ್ತಾರೋ, ಎಲ್ಲಿ ಕೈಮುಗಿದುಕೊಂಡು ಮೇಜು ಸುತ್ತುತ್ತಾರೋ ಎಂದು ರೈಲಿನುದ್ದಕ್ಕೂ ನಾನು ಊಟ ಮಾಡಲಿಲ್ಲ.

ಆ ದಿನ ಸಂಜೆ ಭಾವ ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿ ಲೌಂಜಿನ ಬಾಗಿಲಲ್ಲಿ ನಿಂತಿದ್ದರು. ಯಜಮಾನನಿಗೆ ತಕ್ಕ ಉಡುಪೆಂದು ಹೊಸದಾಗಿ ಹೊಲಿಸಿದ್ದು. ಲೌಂಜಿನಲ್ಲಿ ಬಡಿಸುವವರದೂ ಅದೇ ಬಿಳಿ ಅಂಗಿ, ಅದೇ ಕಪ್ಪು ಪ್ಯಾಂಟು! ಹೆಂಡತಿ, ಮಗಳು ಕೆಳಗೆ ಕೋಣೆಯಲ್ಲಿ ಸೀರೆ ಉಡುತ್ತಿದ್ದರು. ಹುಡುಗ, ಅವನ ಅಪ್ಪ, ಅಮ್ಮ ಬಂದರು. "ಬನಿ, ಬನಿ, ಕೂಕಣಿ, ಕುಡಿಯುಕೆ ಎಂತ ತರ್ಲಿ?" ಎನ್ನುತ್ತ ಭಾವ ಅವರನ್ನು ನನ್ನ ಮೇಜಿಗೆ ಕರೆತಂದು ಕೂರಿಸಿ, ಬೆಲ್ಲ ನೀರು ತರಲು ಓಡಿದರು. ತಮ್ಮ ಪರಿಚಯ ಹೇಳಿಕೊಳ್ಳುವುದನ್ನು ಮರೆತಿದ್ದರು.

ಅಷ್ಟರಲ್ಲಿ ಬಂತು ವಾಸನೆ! ಆ ಸಲ ಭಾವ ಕೌಂಟರಿನ ಹುಡುಗಿಗೆ ಗೇರುಬೀಜ ತಂದಿರಲಿಲ್ಲ. ವಿಶೇಷದ ದಿನವೆಂದು ನನ್ನ ಅಂಗಡಿಯದೇ ಒಣ ಸಿಗಡಿ ಒಂದು ಸೇರು ತಂದಿದ್ದರು. ಅವಳು ಪಾಪ, ಕೌಂಟರಿನ ಮೇಲೇ ಪೊಟ್ಟಣ ಬಿಚ್ಚಿದ್ದಾಳೆ. ತಣ್ಣನೆ ಗಾಳಿಯ ಯಂತ್ರ ಅದನ್ನು ಅಕ್ಕರೆಯಿಂದ ಎಲ್ಲ ಮೇಜಿಗೂ ಹಂಚಿತು. ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದರು. ಒಳಗಿನಿಂದ ಕೋಟು ತೊಟ್ಟ ಮ್ಯಾನೇಜರು ಬಂದ. ಭಾವ ಒಂದು ಕೈಯಲ್ಲಿ ಬೆಲ್ಲ ನೀರಿನ ತಟ್ಟೆ ಹಿಡಿದೇ ಅವನ ಮುಂದೆ ನಿಂತು, ಇನ್ನೊಂದು ಕೈಬೀಸಿ, ಇದನ್ನು ಕಾಯಿ ಹಾಕಿ ಚಟ್ನಿ ಮಾಡುವುದು ಹೇಗೆಂದು ವಿವರಿಸತೊಡಗಿದರು!

ಹುಡುಗನ ಅಪ್ಪ ಮೂಗೆತ್ತಿ ಒಮ್ಮೆ ಉಸಿರೆಳೆದರು. ನನ್ನ ಕಡೆ ತಿರುಗಿ, "ಅವ್ರ್ ಯಾರ್?" ಎಂದರು.

ಇಲ್ಲಿ ನಾನು ನಿಲ್ಲುತ್ತೇನೆ. ಎಷ್ಟೋ ವರ್ಷದಿಂದ ಇಲ್ಲೇ ನಿಂತಿದ್ದೇನೆ. ನನ್ನ ಭಾವ, ಹುಡುಗಿಯ ಸೋದರಮಾವ ಎನ್ನಲು ಎಷ್ಟು ಹೊತ್ತು ಬೇಕು?

"ಅವ್ರಾ? ಹೋಟ್ಲಿನವ್ರ್" ಎಂದೆ. "ನಮ್ಮೂರ್ ಕಡಿಯವ್ರ್ ಇರ್ಕ್. ಅದ್ಕೇ ಸಲಿಗೆ."

ಹೇಳಿ ತಲೆ ಎತ್ತಿದರೆ ಎರಡು ಮಾರು ದೂರದಲ್ಲಿ ಭಾವ, ಕೈಯಲ್ಲಿ ಬೆಲ್ಲ ನೀರಿನ ತಟ್ಟೆ. ಒಂದು ಗಳಿಗೆ ನಿಂತರು, ಅಷ್ಟೆ. ಆಮೇಲೆ ಬಂದು, ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಡಿಸುವವರ ಹಾಗೆ ಒಂದು ಕೈ ಹಿಂದೆ ಕಟ್ಟಿ, "ಸಾರ್, ಬೇರೆ ಎಂತ ಬೇಕ್?" ಎಂದರು.

ಹುಡುಗನ ಅಪ್ಪ ನಗುತ್ತಿದ್ದರು. "ಎಷ್ಟ್ ವರ್ಷ ಆಯ್ತ್ ಮಾರಾಯ್ರೆ ಈ ವಾಸನಿ ಮೂಗಿಗ್ ಬೀಳ್ದೆ! ನಮ್ಮಮ್ಮ ಮೀನಿನ ಬುಟ್ಟಿ ಹೊತ್ತೇ ನಮ್ಮನ್ನೆಲ್ಲ ಸಾಕಿದ್. ನಿಮ್ದ್ ಹಾಲಾಡಿಯಂಗೆ ಒಣಮೀನಿನಂಗ್ಡಿ ಅಲ್ದಾ? ನಾನ್ ವಿಚಾರ್ಸಿದೆ. ಅದ್ ಕೇಂಡೇ ನಂಗ್ ಖುಷಿ ಆದ್ದ್."

ಈಗಲಾದರೂ ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: "ನಮಗೆ ಬೇಕಾದ್ದ್ ನಿಜ ಹೇಳುವ ಜನ. ಹಿಂದೆ ಒಂದ್ ಸಂಬಂಧ ಎಲ್ಲ ನಿಕ್ಕಿ ಆಯಿತ್ತ್. ಹುಡ್ಗಿ ಅಪ್ಪ ಒಂದ್ ಸಣ್ಣ ಸುಳ್ಳ್ ಹೇಳಿದ. ಬಿಟ್ಟೆ."

ತೆರೆದ ಬಾಯಿಗೆ ಬೆಲ್ಲ ಹಾಕಿಕೊಂಡೆ.

ಹೆಂಡತಿ, ಮಗಳು ಬಂದಾಗ ಭಾವ ಬಾಗಿಲಿಗೇ ಹೋಗಿ, ತಮ್ಮ ತಂಗಿಗೆ ಬಾಗಿ, "ಅಮ್ಮಾ, ಬನಿ, ಈ ಕಡೆ" ಎಂದರು. ಅಣ್ಣನ ಹೊಸ ಹುಚ್ಚಾಟ ಇದೇನೋ ಎಂದು ಅವಳು ಸುಮ್ಮನಾದಳು. ಮಗಳು ಮಾತ್ರ ಮಾವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ತಲೆ ತಗ್ಗಿಸಿದಳು. ಹುಡುಗ ಹುಡುಗಿ ಕಿಟಕಿಯ ಹತ್ತಿರ ನಿಂತು ಮಾತಾಡಿದರು. ಭಾವ ನಾಲ್ಕು ಸಲ ಚಹಾ ತಂದರು, ಎರಡು ಬಿಸಿ ಪದಾರ್ಥವನ್ನೇ ಎಂಟು ಸಲ ತಂದರು. ಹೊರಡುವಾಗ ಹುಡುಗನ ಅಪ್ಪ ಅವರ ಜೇಬಿಗೆ ಐವತ್ತರ ಒಂದು ನೋಟು ಮಡಚಿ ಹಾಕಿದರು. ಭಾವ ಬೇಡ ಎನ್ನಲಿಲ್ಲ. ಸಲಾಮು ಹೊಡೆದರು. ಅದನ್ನು ನಾನು ನನ್ನ ಕಣ್ಣಾರೆ ನೋಡಿದೆ.

ಮರುದಿನ ರೈಲಿನಲ್ಲಿ ಹೆಂಡತಿ ಎಲ್ಲ ಕೇಳಿ ತಿಳಿದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಕುಂದಾಪುರ ಬರುವವರೆಗೆ ಈ ಕಡೆ ತಿರುಗಲಿಲ್ಲ. ಭಾವ ಮಾತ್ರ, "ಗಂಡ್ ಅಡ್ಡಿಲ್ಲೆ. ಚಹಾ ಕೊಟ್ರೆ ಕೊಟ್ಟವ್ರ್ ಮುಖ ಕಂಡ್ ತಕಂತ್" ಎಂದರು. ಅಷ್ಟೇ ಅವರು ಆಡಿದ ಮಾತು.

ಸಂಬಂಧ ಕೂಡಿತು. ಊರಿನ ಹಾಲ್‌ನಲ್ಲಿ ಮದುವೆ. ನನಗೆ ಸಂತೋಷಪಡಲು ಪುರಸೊತ್ತೆಲ್ಲಿ? ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಇರುವವರೋ ಒಬ್ಬರೇ. ಅವರನ್ನು ಕಂಡರೆ ಬೀಗರು, ಲೌಂಜಿನಲ್ಲಿ ಚಹಾ ಕೊಟ್ಟವನು ಇಲ್ಲೇಕೆ ಎನ್ನುವುದಿಲ್ಲವೇ? ಒಂದು ಸಣ್ಣ ಸುಳ್ಳಿಗೆ ಬಿಟ್ಟವರು ಇದಕ್ಕೆ ಬಿಡುವುದಿಲ್ಲವೇ? ಎರಡು ತಿಂಗಳು ಇದೇ ಲೆಕ್ಕ ಹಾಕಿದೆ. ಭಾವನ ಹತ್ತಿರ ಹೋಗಿ ಕೇಳಲು ಮುಖವಿಲ್ಲ.

ಮದುವೆಗೆ ಒಂದು ತಿಂಗಳಿರುವಾಗ ಭಾವ ಕುಂಟಲು ಶುರುಮಾಡಿದರು! ಮೊಣಕಾಲು ನೋವಂತೆ, ಮಂಟಪ ಹತ್ತಲು ಆಗದಂತೆ, ತನ್ನ ಬದಲು ದಾಯಾದಿಯ ತಮ್ಮನೊಬ್ಬ ಹುಡುಗಿಯ ಕೈಹಿಡಿದು ಕರೆತರುತ್ತಾನಂತೆ. ಊರೆಲ್ಲ ನಂಬಿತು. ಸೋಮವಾರ ಎಡಗಾಲು ಎಳೆಯುತ್ತಿದ್ದವರು ಗುರುವಾರ ಬಲಗಾಲು ಎಳೆಯುತ್ತಿದ್ದದ್ದನ್ನು ನಾನೊಬ್ಬನೇ ಗಮನಿಸಿದ್ದೆ. ಗಮನಿಸಿ ಏನು ಮಾಡಿದೆ? ಉಸಿರು ಬಿಟ್ಟೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಎಂದು ಹೇಳಲು ಈಗ ನನಗೆ ಅಸಹ್ಯವಾಗುತ್ತದೆ.

ಮದುವೆಯ ದಿನ ಭಾವ ಬೆಳಿಗ್ಗೆಯೇ ಹಿಂಬಾಗಿಲಿನಿಂದ ಬಂದು ಅಡುಗೆಮನೆ ಸೇರಿದರು. ಸೊಂಟಕ್ಕೊಂದು ಬೈರಾಸು ಕಟ್ಟಿ ಸಾರಿನ ಕೊಪ್ಪರಿಗೆಯ ಮುಂದೆ ನಿಂತರು. ಅಲ್ಲಿಗೆ ಯಾರು ಬರುತ್ತಾರೆ? ಆದರೆ ನಾನು ಒಂದು ಮರೆತಿದ್ದೆ. ನಮ್ಮ ಬೀಗರು ಹೋಟೆಲಿನವರು! ಯಾವ ಹಾಲ್‌ಗೆ ಹೋದರೂ ಅಡುಗೆಮನೆ ನೋಡದೆ ಅವರಿಗೆ ಊಟ ರುಚಿಸದು. ಧಾರೆಗೆ ಇನ್ನೂ ಅರ್ಧ ಗಂಟೆಯಿದೆ ಎಂದು ಸೀದಾ ಒಳಗೆ ನುಗ್ಗಿದರು. ಹಿಂದೆಯೇ ನಾನು.

"ಹ್ವಾಯ್! ನೀವ್ ಆ ದೊಡ್ಡ ಹೋಟ್ಲಂಗೆ ಇದ್ದವ್ರ್ ಅಲ್ದಾ?" ಎಂದರು ಬೀಗರು.

ಭಾವ ಸೌಟು ಕೆಳಗಿಡಲಿಲ್ಲ. "ಹೌದ್ ಸಾರ್. ಅದ್ ಬಿಟ್ಟೆ. ಅಲ್ಲಿ ಉಪ್ಪಿಲ್ಲೆ, ಖಾರ ಇಲ್ಲೆ, ಕೈ ಜಡ್ಡ್ ಹಿಡಿತ್. ಈಗ ಊರಂಗೆ ಅಡುಗಿ ಕೆಲ್ಸ."

"ಆ ದಿನ ನೀವ್ ಕೊಟ್ಟ ರೀತಿ ನಾನ್ ಮರಿಲಿಲ್ಲೆ. ನಮ್ ಹೋಟ್ಲಿಗ್ ಬನಿ. ಗಲ್ಲೆ ಹತ್ರ ನಿಂತ್ ಜನಕ್ಕೆ ಬನಿ ಕೂಕಣಿ ಅಂದ್ರ್ ಸಾಕ್."

"ಹೆಂಡ್ತಿನ ಕೇಂಡ್ ಹೇಳ್ತೆ ಸಾರ್" ಎಂದರು ಭಾವ, ಗಂಭೀರವಾಗಿ.

ಬೀಗರು ನಕ್ಕು ಹೊರಟುಹೋದರು. ನಾನು ಗೋಡೆಗೆ ಒರಗಿ ನಿಂತೆ. ಇನ್ನೂ ಅರ್ಧ ಗಂಟೆ ಇತ್ತು. ಬೀಗರನ್ನು ಕರೆದು ಒಂದು ಮಾತು ಹೇಳಲು ಸಾಕಾಗುವಷ್ಟು. ನಾನು ಹೇಳಲಿಲ್ಲ. ಹೊರಗೆ ವಾಲಗ ಊದಿದರು. ದಾಯಾದಿಯ ತಮ್ಮ ನನ್ನ ಮಗಳ ಕೈಹಿಡಿದು ಮಂಟಪಕ್ಕೆ ಕರೆತಂದ.

ಬೀಗರೇ, ಇದನ್ನು ನೀವು ಓದುತ್ತೀರಿ ಎಂದು ಗೊತ್ತಿದ್ದೇ ಬರೆದಿದ್ದೇನೆ. ನಿಮ್ಮ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ನಿಮ್ಮ ಸೊಸೆ ಸುಳ್ಳು ಹೇಳಿದವಳಲ್ಲ. ಹೇಳಿದವನು ನಾನು. ಈ ಸಂಬಂಧ ನೀವು ಬಿಡುವುದಾದರೆ ನನ್ನೊಬ್ಬನನ್ನು ಬಿಡಿ.

ದಿಬ್ಬಣ ಹೊರಟಾಗ ಮಧ್ಯಾಹ್ನ ಮೂರೂವರೆ. ನಾನು ಅಡುಗೆಮನೆಗೆ ಹೋದೆ. ಅಡುಗೆಯವರ ಪಂಕ್ತಿಯಲ್ಲಿ ಕೊನೆಯ ಎಲೆ ಭಾವನದು. ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಹೆಣ್ಣ್ ಮರ್ಕಿತಾ?" ಎಂದರು.

ಅತ್ತಳು, ಕಾರು ಹತ್ತುವಾಗ ತುಂಬ ಅತ್ತಳು ಎಂದೆ.

ಅವರು ಅನ್ನದ ನಡುವೆ ಬೆರಳಿನಿಂದ ಸಾರಿಗೆ ಗುಂಡಿ ಮಾಡುತ್ತಿದ್ದರು. ಮುಖ ಎತ್ತದೆ ಕೇಳಿದರು: "ಮಾವ ಎಲ್ಲಿ ಅಂದ್ ಕೇಂಡಿತಾ?"

"ಮೂರ್ ಸಲ ಕೇಂಡಿತ್ ಭಾವ."

"ಮೂರ್ ಸಲ!" ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಪಕ್ಕದ ಎಲೆ, ಅದರಾಚೆಯ ಎಲೆ, ಎಲ್ಲ ಅಡುಗೆಯವರಿಗೂ ಕೇಳುವಂತೆ ಕೂಗಿದರು: "ಕೇಂಡ್ರ್ಯಾ? ಅಷ್ಟ್ ಗಡಿಬಿಡಿಯಂಗೂ ಹೆಣ್ಣ್ ನನ್ನ ಮೂರ್ ಸಲ ಕೇಂಡಿತಂಬ್ರ್!"

"ಯಾವ್ ಹೆಣ್ಣ್?" ಎಂದ ಒಬ್ಬ ಅಡುಗೆಯವ.

"ಮದುಮಗಳ್ ಮಾರಾಯ! ನನ್ನ ತಂಗಿ ಮಗ್ಳ್. ನಾನ್ ಸೋದರಮಾವ."

ಆ ದಿನವಿಡೀ ಅವರು ಆ ಮಾತು ಹೇಳಿದ್ದು ಅದೊಂದೇ ಸಲ.

"ಹಂಗಾರೆ ಬೆಳಿಗ್ಗಿಂದ ಇಲ್ಲೆಂತ ಮಾಡ್ತಾ ಇದ್ರಿ ನೀವ್?" ಅಡುಗೆಯವ ತುತ್ತು ಹಿಡಿದ ಕೈ ಅಲ್ಲೇ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ.

ನಾನು ಎದ್ದು ಸಾರಿನ ಪಾತ್ರೆ ಎತ್ತಿಕೊಂಡು ಭಾವನ ಎಲೆಗೆ ಬಡಿಸಲು ಬಾಗಿದೆ. ಸಾರು ಗುಂಡಿ ತಪ್ಪಿ ಎಲೆಯ ತುಂಬ ಹರಿದು ನೆಲಕ್ಕೆ ಇಳಿಯತೊಡಗಿತು. ಭಾವ ಗಡಿಬಿಡಿಯಲ್ಲಿ ಅನ್ನದಿಂದ ಒಂದು ಕಟ್ಟೆ ಕಟ್ಟಿ ಅದನ್ನು ತಡೆದರು.

"ಅಡ್ಡಿಲ್ಲೆ ಭಾವ" ಎಂದರು. "ಅಡ್ಡಿಲ್ಲೆ. ಕೂಕಣಿ, ನಿಮ್ದೂ ಊಟ ಆಯ್ಲಿಲ್ಲ ಕಾಣತ್ತ್."